ಮರಿಯಲ್ಲದ ಮೀನು

ಜಲಜಕ್ಕನ ಎತ್ತರದ ವಿಷಯವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಆಮೇಲೆ ನಡುವೆ ಯಾರೂ ನಗಬಾರದು. ನಾನು ಜೀವಶಾಸ್ತ್ರ ಕಲಿಸುವ ಏಳನೇ ತರಗತಿಯ ಹುಡುಗಿಯರನ್ನು ಎತ್ತರದ ಪ್ರಕಾರ ನಿಲ್ಲಿಸಿದರೆ ಜಲಜಕ್ಕ ಮುಂದಿನ ಸಾಲಿಗೆ ಬರುತ್ತಾರೆ, ಅದೂ ತುದಿಗೆ. ಐವತ್ತು ದಾಟಿದ ಹೆಂಗಸು. ಗಲ್ಫಿನಲ್ಲಿ ನಾವಿರುವ ಈ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಕಟ್ಟಡದ ಕೆಳಗೇ ಇರುವ ಸೂಪರ್ ಮಾರ್ಕೆಟ್ಟಿನ ಮೀನಿನ ಕೌಂಟರು ಅವರದು. ಅಲ್ಲಿಗೆ ಬರುವ ಗಿರಾಕಿಗಳಿಗೆ ಮಾತ್ರ ಅವರು ಕುಳ್ಳಿ ಎಂಬುದು ಗೊತ್ತೇ ಇರಲಿಲ್ಲ. ಕೌಂಟರಿನ ಹಿಂದೆ ಅವರು ಎಲ್ಲರಷ್ಟೇ ಎತ್ತರ ಕಾಣುತ್ತಿದ್ದರು. ಕಾಲ ಕೆಳಗೆ ನೀಲಿ ಪ್ಲಾಸ್ಟಿಕ್ಕಿನ ಮೀನಿನ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲುತ್ತಿದ್ದರು.

ಆ ಕ್ರೇಟಿನಿಂದ ಅವರು ಜನರ ಕಣ್ಣೆದುರು ಇಳಿದದ್ದನ್ನು ನಾನು ಕಂಡಿರಲಿಲ್ಲ. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ಹತ್ತಿ ನಿಲ್ಲುತ್ತಿದ್ದರು. ಐಸ್ ಬೇಕಾದರೆ ಪಕ್ಕದಲ್ಲಿ ಮೀನು ತೊಳೆಯುವ ಅಬ್ಬಾಸಾಕನನ್ನು ಕೂಗುತ್ತಿದ್ದರು. ಊಟಕ್ಕೆ ಹೋಗುವುದೂ ಹಿಂದಿನ ಬಾಗಿಲಿನಿಂದ, ಎದುರು ಯಾರೂ ಇಲ್ಲದ ಹೊತ್ತು ನೋಡಿ. ನಾನು ಒಮ್ಮೆ ತಮಾಷೆಗೆ, "ಜಲಜಕ್ಕ, ನಿಮ್ಮ ಸಿಂಹಾಸನ ಹೇಗುಂಟು?" ಎಂದೆ. ಅವರು ಅಂಜಲ್ ಮೀನು ಕತ್ತರಿಸುತ್ತಿದ್ದವರು ಕತ್ತಿ ನಿಲ್ಲಿಸಿ ನನ್ನನ್ನು ನೋಡಿದ ರೀತಿಗೆ ನಾನು ಆ ದಿನ ರೇಟು ಕೇಳದೆಯೇ ದುಡ್ಡು ಕೊಟ್ಟು ಮನೆಗೆ ಬಂದೆ. ಮತ್ತೆ ಆ ಮಾತು ಎತ್ತಲಿಲ್ಲ.

ನಮ್ಮ ಸಂಬಂಧ ಇಷ್ಟು: ಇಬ್ಬರೂ ಉಡುಪಿ ಕಡೆಯವರು, ಇಬ್ಬರ ಮನೆಮಾತೂ ತುಳು, ಎದುರುಬದುರು ಬಾಗಿಲು. ನಾನು ದಿನಾ ಶಾಲೆಯ ಬಸ್ಸಿನಲ್ಲಿ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ಹೋಗಿ ಪಾಠ ಮಾಡಿ ಬರುತ್ತೇನೆ. ಜಲಜಕ್ಕ ಮತ್ತು ಅವರ ಗಂಡ ಜಯಪಾಲಣ್ಣ ಎದುರಿನ ಫ್ಲಾಟಿನ ಒಂದು ಕೋಣೆಯಲ್ಲಿದ್ದಾರೆ. ಜಯಪಾಲಣ್ಣ ಎಲೆಕ್ಟ್ರಾ ಸ್ಟ್ರೀಟಿನ ಎಸಿ ಅಂಗಡಿಯೊಂದರ ಪಿಕಪ್ ಓಡಿಸುತ್ತಾರೆ. ಅವರ ಸಂಬಳಕ್ಕೆ ಹೆಂಡತಿಯ ವೀಸಾ ಸಿಗುವುದಿಲ್ಲ. ಹಾಗಾಗಿ ಜಲಜಕ್ಕ ತಮ್ಮದೇ ಕೆಲಸದ ವೀಸಾದಲ್ಲಿ ಬಂದವರು. ಒಂದೇ ಊರಲ್ಲಿದ್ದೂ ಗಂಡ ಬ್ಯಾಚುಲರ್ ರೂಮಿನಲ್ಲಿ, ಹೆಂಡತಿ ಕಂಪನಿಯ ಲೇಡೀಸ್ ಕ್ಯಾಂಪಿನಲ್ಲಿ, ಶುಕ್ರವಾರ ಸಮುದ್ರ ದಡದ ಕಾರ್ನಿಶ್‌ನಲ್ಲಿ ಕೂತು ಕಡಲೆಕಾಯಿ ತಿನ್ನುವುದೇ ಸಂಸಾರ ಎಂದು ವರ್ಷಗಟ್ಟಲೆ ಕಳೆದವರು. ಈಗ ಒಂದು ಕೋಣೆ, ಒಂದು ಗ್ಯಾಸ್ ಒಲೆ, ಬಾಗಿಲಿಗೊಂದು ಪರದೆ ಸಿಕ್ಕಿದೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಜಲಜಕ್ಕ ಊರಿಗೆ. ಇದು ಅವರಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಬೇಕು.

ಕೌಂಟರಿಗೆ ಅವರು ಬಂದದ್ದೂ ಜಗಳದಿಂದಲೇ. ಮೊದಲು ತರಕಾರಿ ಪ್ಯಾಕಿಂಗಿನಲ್ಲಿದ್ದರು. ಒಂದು ದಿನ ಮೀನು ಕತ್ತರಿಸುವವನು ಬರಲಿಲ್ಲ, ಹೊಸಬನೊಬ್ಬ ಪಾಂಪ್ಲೆಟ್ ಮೀನನ್ನು ಹರಿದು ಚಿಂದಿ ಮಾಡುತ್ತಿದ್ದ. ಜಲಜಕ್ಕ ಹೋಗಿ ಅವನ ಕೈಯಿಂದ ಕತ್ತಿ ಕಿತ್ತುಕೊಂಡರು. "ಸತ್ತ ಮೇಲೂ ಮೀನಿಗೆ ಮರ್ಯಾದೆ ಬೇಡ್ವಾ?" ಎಂದು ಬೈದು ತಾವೇ ಕತ್ತರಿಸಿದರು. ಅಂದಿನಿಂದ ಅಲ್ಲೇ. ಹೆಂಗಸೊಬ್ಬಳು ಮೀನು ಕತ್ತರಿಸುವ ಕೌಂಟರು ಈ ಸುತ್ತಿನಲ್ಲಿ ಬೇರೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಇಷ್ಟು ಗಲಾಟೆಯದ್ದಂತೂ ಇರಲಿಕ್ಕಿಲ್ಲ. ಅವರು ಬರೀ ಕತ್ತರಿಸುತ್ತಿರಲಿಲ್ಲ, ಕೂಗುತ್ತಿದ್ದರು. ಯಾವ ಮೀನು ಇವತ್ತಿನದು, ಯಾವುದು ನಿನ್ನೆಯದು, ಯಾವುದು ಸಾರಿಗೆ, ಯಾವುದು ಎಣ್ಣೆಯಲ್ಲಿ ಕಾಯಿಸಲಿಕ್ಕೆ ಎಂದು ಹಿಂದಿ, ಮಲಯಾಳಂ, ಅರಬ್ಬಿ ಎಲ್ಲ ಕಲಸಿ ಕೂಗುತ್ತಿದ್ದರು. ಅವರ ಅಮ್ಮ, ನಮ್ಮ ತುಳುವಿನಲ್ಲಿ ಅಪ್ಪೆ, ಮೀನಿನ ಬುಟ್ಟಿ ಹೊತ್ತು ಉಡುಪಿಯ ಬೀದಿಗಳಲ್ಲಿ ಮಾರಿದವರು. ಆ ಗಂಟಲು ಇಲ್ಲಿಗೂ ಬಂದಿತ್ತು. ಜನ ನಂಬುತ್ತಿದ್ದರು, ನಾನೂ ನಂಬುತ್ತಿದ್ದೆ.

ಈ ವರ್ಷ ಅಲಾಸ್ಕಾದ ಕಾಡು ಸಾಲ್ಮನ್ ಬಂದಾಗ ತೊಂದರೆ ಶುರುವಾಯಿತು. ಕಾಡು ಸಾಲ್ಮನ್ ಎಂದರೆ ಸಾಕಿದ್ದಲ್ಲ. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ಅದೇ ಹೊಳೆಗೆ ಮರಳುವ ಮೀನು. ಮಂಜುಗಟ್ಟಿಸಿದ ಡಬ್ಬದಲ್ಲಿ ಬರುತ್ತದೆ, ತಲೆ ಇರುವುದಿಲ್ಲ, ಹೊಟ್ಟೆ ಖಾಲಿ. ಹಿಂದಿನ ವರ್ಷಗಳಲ್ಲಿ ಬಂದದ್ದು ಜಲಜಕ್ಕನ ತೋಳಿನಷ್ಟು ಉದ್ದ ಇರುತ್ತಿತ್ತು. ಅವರ ತೋಳೇನು ದೊಡ್ಡದಲ್ಲ ಬಿಡಿ, ಆದರೂ ಒಂದು ಮೀನು ಅನ್ನಿಸಿಕೊಳ್ಳುವಷ್ಟು ಇತ್ತು. ಈ ಸಲದ್ದು ಅಂಗೈಯಿಂದ ಮೊಣಕೈ ದಾಟುತ್ತಿರಲಿಲ್ಲ. ಪಕ್ಕದಲ್ಲೇ ನಾರ್ವೆಯ ಸಾಕಿದ ಸಾಲ್ಮನ್, ತಿಂದು ಕೊಬ್ಬಿ, ಅಗಲವಾಗಿ ಮಲಗಿತ್ತು. ಅದರ ಪಕ್ಕ ಇದನ್ನಿಟ್ಟರೆ ನೋಡಲು ಪಾಪ ಅನ್ನಿಸುತ್ತಿತ್ತು.

ಜಲಜಕ್ಕನಿಗೆ ಪಾಪ ಅನ್ನಿಸಲಿಲ್ಲ, ಸಿಟ್ಟು ಬಂತು. ಅವರ ಅಪ್ಪ ಪಡುಕೆರೆಯಲ್ಲಿ ರಂಪಣಿ ಎಳೆದವರು. ರಂಪಣಿ ಎಂದರೆ ಊರಿನವರೆಲ್ಲ ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ. ಬಲೆಯಲ್ಲಿ ಮರಿಗಳೇ ಕಂಡರೆ ಅಪ್ಪ ಬಲೆಯ ಬಾಯಿ ಸಡಿಲಿಸಿ ಬಿಟ್ಟುಬಿಡುತ್ತಿದ್ದರಂತೆ, ಬೈದವರಿದ್ದರೆ ಬೈಯಲಿ ಎಂದು. ಮರಿ ಹಿಡಿಯುವವನು ನಾಳೆಯ ಅನ್ನಕ್ಕೆ ಕೈ ಹಾಕಿದವನು ಎಂದು ಕೇಳಿಯೇ ಬೆಳೆದವರು ಜಲಜಕ್ಕ. ಮೀನಿನ ಪ್ರಾಯ ಅವರು ನೋಡುವುದು ಕಣ್ಣಲ್ಲಿ, ಕಿವಿರಲ್ಲಿ, ಹೊಟ್ಟೆಯ ಮೊಟ್ಟೆಯಲ್ಲಿ. ಇದಕ್ಕೋ ತಲೆಯೂ ಇಲ್ಲ, ಹೊಟ್ಟೆಯೂ ಇಲ್ಲ. ಉಳಿದದ್ದು ಉದ್ದ ಒಂದೇ. ಉದ್ದ ನೋಡಿ ತೀರ್ಮಾನ ಮಾಡಿಬಿಟ್ಟರು.

"ಮರಿ! ಎಲ್ಲ ಮರಿ!" ಎಂದು ಅವತ್ತು ಸಂಜೆ ಕೌಂಟರಿನಲ್ಲಿ ಕೂಗಿದ್ದನ್ನು ನಾನೇ ಕೇಳಿದೆ. "ಬಚ್ಚಾ ಮಚ್ಲಿ! ಬೇಬಿ! ಮತ್ ಲೇನಾ! ಬೆಳೀಲಿಕ್ಕೆ ಬಿಡ್ಲಿಲ್ಲ ಈ ಪಾಪಿಗಳು!"

ಯಾರೂ ಕೊಳ್ಳಬಾರದೆಂದು ಅವರು ಕೂಗಿದ್ದು. ಆದದ್ದೇ ಬೇರೆ. ನನ್ನ ಮುಂದೆ ನಿಂತಿದ್ದ ಹೆಂಗಸಿನ ಕಣ್ಣು ಅರಳಿತು. "ಬೇಬಿ ಹೈ? ಫಿರ್ ತೋ ಸಾಫ್ಟ್ ಹೋಗಾ. ದೋ ದೇ ದೋ," ಎಂದಳು. ಅವಳ ಪಕ್ಕದಲ್ಲಿದ್ದವರೂ ಎರಡು ಕೇಳಿದರು. ಜಲಜಕ್ಕ ಬೈದಷ್ಟೂ ಮೀನು ಖಾಲಿಯಾಯಿತು. ಎಳೆ ಬೆಂಡೆಕಾಯಿ ಆರಿಸುವ ಹಾಗೆ ಜನ ಆರಿಸಿಕೊಂಡು ಹೋದರು.

ಮೀನು ವಿಭಾಗದ ಸೂಪರ್‌ವೈಸರ್ ವಿಕ್ಟರ್ ಇದನ್ನು ನೋಡಿದ. ಮಂಗಳೂರಿನವನು, ಕೆಟ್ಟವನಲ್ಲ, ಆದರೆ ಮೇಲಿನವರು ಕೆಮ್ಮಿದರೂ ಎದ್ದು ನಿಲ್ಲುವ ಜಾತಿ. ಮರುದಿನ ಕೌಂಟರಿನ ಮೇಲೆ ಗುಲಾಬಿ ಬಣ್ಣದ ಬೋರ್ಡು ಬಂತು: ಬೇಬಿ ಸಾಲ್ಮನ್. ಪಕ್ಕದಲ್ಲಿ ರೆಪ್ಪೆ ಇರುವ, ನಗುವ ಮೀನಿನ ಚಿತ್ರ. ಮೀನಿಗೆ ರೆಪ್ಪೆ ಇಲ್ಲ ಎಂದು ನನ್ನ ಐದನೇ ತರಗತಿಯವರಿಗೂ ಗೊತ್ತು.

ಜಲಜಕ್ಕ ಕತ್ತಿಯನ್ನು ಹಲಗೆಯ ಮೇಲಿಟ್ಟರು. "ನಾನು ಇದನ್ನು ಕಟ್ ಮಾಡುದಿಲ್ಲ."

"ಜಲಜಕ್ಕ, ನೀವೇ ಅಲ್ವಾ ಬೇಬಿ ಅಂತ ಹೇಳಿದ್ದು?" ವಿಕ್ಟರ್ ಕೇಳಿದ.

"ಬೇಡ ಅಂತ ಹೇಳ್ಲಿಕ್ಕೆ ಹೇಳಿದ್ದು ಮಾರಾಯ! ಮರಿ ಮಾರಿ ನಾವು ಉದ್ಧಾರ ಆಗ್ತೇವಾ?"

"ಮುಂದಿನ ತಿಂಗಳು ನಿಮ್ಮ ವೀಸಾ ರಿನ್ಯೂ ಉಂಟು. ಪೇಪರಿಗೆ ಸೈನ್ ಹಾಕುದು ನಾನು. ಸುಮ್ನೆ ಯಾಕೆ ಹಠ?"

"ಮರಿ ಅಂತ ತೋರಿಸಿ ಕೊಟ್ರೆ ಈ ಮೀನು ತೆಗೀತೀಯಾ?"

"ತೋರಿಸಿ ಕೊಡಿ, ನಾನೇ ಮೇಲಿನವರಿಗೆ ಹೇಳ್ತೇನೆ. ಆಗ್ಲಿಲ್ಲಾಂದ್ರೆ ನೀವು ಬೋರ್ಡಿನ ಪಕ್ಕ ನಿಂತು ನಗ್ತಾ ಮಾರ್ಬೇಕು. ಖಲಾಸ್."

"ಖಲಾಸ್," ಎಂದರು ಜಲಜಕ್ಕ.

ಮರಿ ಅಲ್ಲ ಎಂದಾದರೆ ಬೇಬಿ ಎಂಬ ಬೋರ್ಡು ಹೇಗೆ ಉಳಿಯುತ್ತದೆ? ಇದು ಆಗ ಇಬ್ಬರ ತಲೆಗೂ ಹೋಗಲಿಲ್ಲ. ಜಗಳದ ಬಿಸಿಯಲ್ಲಿ ಅಂಥದ್ದೆಲ್ಲ ಯಾರಿಗೆ ಹೊಳೆಯುತ್ತದೆ.

ಸಾಕ್ಷಿಗೆ ನಾನು ಬೇಕಾದೆ. ಅವತ್ತೇ ಜಲಜಕ್ಕ ನನ್ನ ಬಾಗಿಲು ಬಡಿದರು. "ದೀಪ್ತಿ, ನಿನ್ನ ಶಾಲೆಯಲ್ಲಿ ಕಣ್ಣಿಗೆ ಕಾಣದ್ದನ್ನೆಲ್ಲ ದೊಡ್ಡ ಮಾಡಿ ನೋಡ್ತೀರಲ್ಲ, ಈ ಮೀನು ಮರಿ ಅಂತ ಅದರಲ್ಲಿ ತೋರಿಸ್ಲಿಕ್ಕೆ ಆಗ್ತದಾ?"

ಆಗುತ್ತದೆ ಎಂದೆ. ಮೀನಿನ ಹುರುಪೆ, ಅಂದರೆ ಮೈಮೇಲಿನ ಆ ಹೊಳೆಯುವ ಬಿಲ್ಲೆ, ಮೀನಿನ ಜೊತೆಗೇ ಬೆಳೆಯುತ್ತದೆ. ಬೆಳೆದಂತೆ ಅದರ ಮೇಲೆ ಒಂದರ ಹೊರಗೆ ಒಂದು ಬಳೆಯಂಥ ಗೆರೆಗಳು ಮೂಡುತ್ತವೆ. ಚೆನ್ನಾಗಿ ತಿಂದು ಬೆಳೆದ ಕಾಲದಲ್ಲಿ ಗೆರೆಗಳ ನಡುವೆ ಜಾಗ ಇರುತ್ತದೆ. ಚಳಿಗಾಲದಲ್ಲಿ, ಹಸಿವಿನಲ್ಲಿ, ಒತ್ತಾಗಿ ಬರುತ್ತವೆ. ಮರದ ಕಾಂಡ ನೋಡಿ ಪ್ರಾಯ ಹೇಳುವ ಹಾಗೆ ಹುರುಪೆ ನೋಡಿ ಮೀನಿನ ಪ್ರಾಯ ಹೇಳಬಹುದು. ಇದನ್ನು ಕೇಳಿ ಜಲಜಕ್ಕನ ಮುಖ ಅರಳಿತು. ದಿನಾ ಬಕೆಟುಗಟ್ಟಲೆ ಕೆರೆದು ಬಿಸಾಡುವ ಕಸದಲ್ಲಿ ತನ್ನ ಗೆಲುವು ಇದೆ ಎಂದರೆ ಯಾರಿಗೆ ಖುಷಿಯಾಗುವುದಿಲ್ಲ? ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಇಳಿಯುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಹುರುಪೆ ಸಿದ್ಧವಾಗಿತ್ತು. ಬೇರೆ ಬೇರೆ ಮೀನಿನದ್ದು, ಬೇರೆ ಬೇರೆ ಪೊಟ್ಟಣ ಮಾಡಿ.

ಶಾಲೆಯ ಲ್ಯಾಬಿನಲ್ಲಿ ಮೊದಲನೆಯದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದೆ. ಎರಡನೆಯದನ್ನು ನೋಡಿದೆ. ಎಲ್ಲವನ್ನೂ ನೋಡಿದೆ. ನಡುವಿನಲ್ಲಿ ಹೊಳೆಯ ಕಾಲದ ಪುಟ್ಟ ಒತ್ತಾದ ಗೆರೆಗಳು. ಅದರಾಚೆ ಸಮುದ್ರ. ಸಮುದ್ರದ ಒಂದು ಚಳಿಗಾಲ, ಇನ್ನೊಂದು, ಮತ್ತೊಂದು. ಇದು ಮರಿಯಲ್ಲ. ಪ್ರಾಯಕ್ಕೆ ಬಂದ, ಊರಿನ ಹೊಳೆಗೆ ಮೊಟ್ಟೆಯಿಡಲು ಹೊರಟಿದ್ದ ಮೀನು. ದೊಡ್ಡ ಸಾಲ್ಮನ್ನಿಗೆ ಎಷ್ಟು ಪ್ರಾಯವೋ ಇದಕ್ಕೂ ಅಷ್ಟೇ. ಸಮುದ್ರದ ಗೆರೆಗಳು ಮಾತ್ರ, ಅಗಲವಾಗಿ ಹರಡಬೇಕಿದ್ದವು, ಒಂದಕ್ಕೊಂದು ಅಂಟಿಕೊಂಡಂತಿದ್ದವು.

ಸಂಜೆ ಮೆಟ್ಟಿಲು ಹತ್ತಿ ನೇರ ಎದುರು ಮನೆಗೆ ಹೋದೆ. ಕತ್ತಿ ಹಿಡಿಯುವ ಹೆಂಗಸಿಗೆ ನೀನು ತಪ್ಪು ಎಂದು ಹೇಳುವುದು ಸುಲಭದ ಕೆಲಸವಲ್ಲ.

"ನಿನ್ನ ಮೆಷಿನ್ ಹಾಳಾಗಿದೆ," ಎಂದರು ಜಲಜಕ್ಕ, ನಾನು ಹೇಳಿ ಮುಗಿಸುವ ಮೊದಲೇ.

ಹಾಗಾಗಿ ಅವರ ರಜೆಯ ದಿನ ಲ್ಯಾಬಿನ ಒಂದು ಸಣ್ಣ ಮೈಕ್ರೋಸ್ಕೋಪನ್ನು ಕೇಳಿ ಮನೆಗೇ ತಂದೆ. ನಮ್ಮ ಊಟದ ಮೇಜಿನ ಮೇಲಿಟ್ಟೆ. ಜಲಜಕ್ಕ ಸ್ಟೂಲೊಂದನ್ನು ಎಳೆದು ಅದರ ಮೇಲೆ ಮೊಣಕಾಲೂರಿ ಕಣ್ಣಿಟ್ಟರು. ಮೊದಲು ತಮ್ಮದೇ ಖಾತರಿಗೆ ಎಂದು ದೊಡ್ಡ ಅಂಜಲಿನ ಹುರುಪೆಯನ್ನೂ ತಂದಿದ್ದರು. ಅದು ಸೂಕ್ಷ್ಮವಾದದ್ದು, ಅಷ್ಟು ಚೆನ್ನಾಗಿ ಕಾಣಲಿಲ್ಲ. ಆಮೇಲೆ ನನ್ನ ಬಳಿ ಹಳೆಯ ಪಾಠದ ಸ್ಲೈಡಿನಲ್ಲಿದ್ದ ದೊಡ್ಡ ಸಾಲ್ಮನ್ನಿನ ಹುರುಪೆ ನೋಡಿದರು. ಆಮೇಲೆ ಇದನ್ನು. ಮತ್ತೆ ಅದನ್ನು. ಮತ್ತೆ ಇದನ್ನು. ಬಹಳ ಹೊತ್ತು ಅವರು ಬೈಯಲಿಲ್ಲ. ಜಲಜಕ್ಕ ಬೈಯದೆ ಇದ್ದರೆ ನನಗೆ ಭಯವಾಗುತ್ತದೆ.

"ಎರಡರದ್ದೂ ಪ್ರಾಯ ಒಂದೇ," ಎಂದರು ಕೊನೆಗೆ.

"ಹೌದು."

"ಹಾಗಾದ್ರೆ ಇದು ಯಾಕೆ ಇಷ್ಟೇ ಆಯ್ತು?"

ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. ಉತ್ತರದ ಆ ಸಮುದ್ರ ಹಿಂದಿಗಿಂತ ಬಿಸಿಯಾಗುತ್ತಿದೆ. ತಣ್ಣೀರಿನಲ್ಲಿ ಹುಟ್ಟುವ, ಕೊಬ್ಬು ತುಂಬಿದ ಸಣ್ಣ ಸಣ್ಣ ಹುಳಗಳೇ ಸಾಲ್ಮನ್ನಿನ ಊಟ. ನೀರು ಬಿಸಿಯಾದರೆ ಅವು ಕಡಿಮೆಯಾಗಿ, ಕೊಬ್ಬಿಲ್ಲದ ಬೇರೆ ಜಾತಿಯವು ಬರುತ್ತವೆ. ಹೊಟ್ಟೆ ತುಂಬಿದರೂ ಮೈ ತುಂಬುವುದಿಲ್ಲ. ಬಿಸಿ ನೀರಿನಲ್ಲಿ ಮೀನಿನ ಮೈ ಹೆಚ್ಚು ತಿನಿಸು ಕೇಳುತ್ತದೆ, ಸಿಗುವುದು ಕಡಿಮೆ. ಸಾಲದ್ದಕ್ಕೆ ಆ ಸಮುದ್ರಕ್ಕೆ ಮನುಷ್ಯರೇ ಸಾಕಿ ಬಿಟ್ಟ ಬೇರೆ ಸಾಲ್ಮನ್‌ಗಳೂ ಕೋಟಿಗಟ್ಟಲೆ ಬಂದು ಅದೇ ತಟ್ಟೆಗೆ ಬಾಯಿ ಹಾಕುತ್ತವೆ. ಕೆಲವು ಇನ್ನೊಂದು ವರ್ಷ ಬೆಳೆಯಲು ಕಾಯದೆ ಬೇಗನೆ ಹೊಳೆಗೆ ಹಿಂತಿರುಗುತ್ತವೆ. ಇನ್ನು ಕೆಲವು ಇವುಗಳ ಹಾಗೆ ಪೂರ್ತಿ ಕಾಲ ಕಳೆದು, ಸಣ್ಣವಾಗಿಯೇ ಬರುತ್ತವೆ.

ಜಲಜಕ್ಕ ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತರು. ಆಮೇಲೆ ನನ್ನನ್ನು ನೋಡದೆ ಹೇಳಿದ್ದು ಇದು.

"ನನ್ನ ಅಣ್ಣ ಬಾಗಿಲಿಗೆ ತಲೆ ತಾಗ್ತದೆ ಅಂತ ಬಗ್ಗಿ ಬರ್ತಿದ್ದ. ಅಕ್ಕ ನಿನಗಿಂತ ಉದ್ದ. ನಾನು ಬೆಳೀಬೇಕಾದ ವರ್ಷದಲ್ಲೇ ಆ ದೊಡ್ಡ ಬಲೆಯ ಬೋಟುಗಳು ಬಂದದ್ದು. ಬಂಗುಡೆ, ಬೂತಾಯಿ ಎಲ್ಲ ದೂರದಲ್ಲೇ ಬಳಿದುಕೊಂಡು ಹೋದ್ರು. ಅಪ್ಪನ ರಂಪಣಿಗೆ ಬರುದು ಬರೀ ನೀರು. ಅಪ್ಪೆ ಖಾಲಿ ಬುಟ್ಟಿ ತಗೊಂಡು ಹೋಗಿ ಖಾಲಿ ಬುಟ್ಟಿ ತಗೊಂಡು ಬರುದು. ಗಂಜಿ, ಉಪ್ಪು, ಒಂದು ಮೆಣಸು. ಮೀನು ಪುನಃ ಬಂದಾಗ ನನ್ನ ಬೆಳೆಯುವ ಕಾಲ ಮುಗಿದು ಹೋಗಿತ್ತು. ಮದುವೆ ದಿನ ದಿಬ್ಬಣದವರು ನನ್ನನ್ನೇ ಕೇಳಿದ್ರು, ಮದುಮಗಳು ಎಲ್ಲಿದ್ದಾಳೆ ಮಗೂ ಅಂತ. ಗೊತ್ತುಂಟಾ ನಿನಗೆ?"

ನನಗೆ ಗೊತ್ತಿರಲಿಲ್ಲ. ಅವರು ಅಳಲಿಲ್ಲ. ಎದ್ದು ಸೀರೆ ಕೊಡವಿದರು.

"ಆ ಬೋರ್ಡು ಇಳಿಸ್ಬೇಕು. ಹಸಿದು ಹಸಿದು ಬೆಳೆದು ನಿಂತದ್ದನ್ನು ಬೇಬಿ ಅಂತ ಹೇಳ್ಲಿಕ್ಕೆ ಇವರು ಯಾರು? ಹೇಳಿದ್ದು ನಾನೇ. ಅದನ್ನೂ ನಾನೇ ಸರಿ ಮಾಡ್ತೇನೆ."

ಮರುದಿನ ವಿಕ್ಟರಿಗೆ ವಿಷಯ ಹೇಳಿದಾಗ ಅವನು ನಕ್ಕುಬಿಟ್ಟನಂತೆ. ಷರತ್ತಿನಲ್ಲಿ ಸೋತಿರಲ್ಲ ಜಲಜಕ್ಕ, ಇನ್ನು ನಗ್ತಾ ಮಾರಿ ಎಂದನಂತೆ. ಮರಿಯೇ ಅಲ್ಲದ ಮೇಲೆ ಬೋರ್ಡು ಯಾಕೆ ಎಂದರೆ, ಬೇಬಿ ಕ್ಯಾರೆಟ್ ಉಂಟು, ಬೇಬಿ ಕಾರ್ನ್ ಉಂಟು, ಹೆಸರಿಗೆ ಯಾರು ಪ್ರಾಯ ಕೇಳ್ತಾರೆ ಎಂದು ಉತ್ತರ. ಬೋರ್ಡು ದುಬೈಯ ಹೆಡ್ ಆಫೀಸಿಗೂ ಹಿಡಿಸಿತ್ತು. ಗುರುವಾರ ಸಂಜೆ ಅಲ್ಲಿಂದ ಟೀನಾ ಮೇಡಂ ಕ್ಯಾಮೆರಾದವರ ಜೊತೆ ಬರುತ್ತಾರೆ, ಜಲಜಕ್ಕ ಮೀನು ಎತ್ತಿ ಹಿಡಿದು 'ಬೇಬಿ ಸಾಲ್ಮನ್' ಎಂದು ಕೂಗಬೇಕು, ಅದು ಎಲ್ಲ ಬ್ರಾಂಚಿನ ಟಿವಿಯಲ್ಲಿ ಬರುತ್ತದೆ. ಅವರ ಕೂಗೇ ಬೇಕಂತೆ. ಅದು ಮುಗಿದ ಮೇಲೆ ವೀಸಾದ ಪೇಪರು.

ಬುಧವಾರ ಸಂಜೆ ಎದುರು ಮನೆಯಲ್ಲಿ ಜಯಪಾಲಣ್ಣನ ದನಿ ಕೇಳಿತು. ಆ ಮನುಷ್ಯ ದನಿ ಎತ್ತುವವರೇ ಅಲ್ಲ. ನಾನು ಪರದೆ ಸರಿಸಿ ಒಳಗೆ ಹೋದೆ.

"ನೀನಾದ್ರೂ ಹೇಳು ದೀಪ್ತಿ," ಎಂದರು. "ಒಂದು ಶಬ್ದ ಹೇಳಿದ್ರೆ ಮುಗೀತು. ಈ ರೂಮು ಸಿಗ್ಲಿಕ್ಕೆ ನಾವು ಎಷ್ಟು ಕಾದಿದ್ದೇವೆ ಅಂತ ಇವಳಿಗೇ ಗೊತ್ತುಂಟು. ಒಂದು ಸತ್ತ ಮೀನಿಗೋಸ್ಕರ ಪುನಃ ನಾನಲ್ಲಿ ಇವಳಿಲ್ಲಿ ಆಗ್ಬೇಕಾ?"

ಜಲಜಕ್ಕ ಒಲೆಯ ಕಡೆ ತಿರುಗಿಯೇ ಇದ್ದರು. "ಅಪ್ಪೆ ಒಂದು ಸಲ ಒಬ್ಬರ ಮನೆ ಎದುರು ಹಳೇ ಬಂಗುಡೆಯನ್ನು ಇವತ್ತಿನದು ಅಂತ ಕೂಗಿದ್ರು, ಗೊತ್ತಿಲ್ಲದೆ. ಗೊತ್ತಾದ ಮೇಲೆ ನಾಕು ಮೈಲು ವಾಪಸ್ ನಡೆದು ಅದೇ ಅಂಗಳದಲ್ಲಿ ನಿಂತು, ಅದೇ ಗಂಟಲಿನಲ್ಲಿ, ಹಳೇದು ಅಂತ ಕೂಗಿ ಬಂದ್ರು. ಕೂಗಿ ಮಾರಿದ್ದನ್ನು ಕೂಗಿಯೇ ತಿದ್ದುದು ನಮ್ಮಲ್ಲಿ. ಕಿವಿಯಲ್ಲಿ ಹೇಳಿ ತಿದ್ದಿದ್ರೆ ಅದು ತಿದ್ದಿದ ಹಾಗಲ್ಲ." ಆಮೇಲೆ ಗಂಡನ ಕಡೆ ತಿರುಗಿದರು. "ನಿಮ್ಮನ್ನು ಬಿಟ್ಟು ಹೋಗ್ಲಿಕ್ಕೆ ನನಗೆ ಆಸೆಯಾ? ನನಗೂ ಹೆದರಿಕೆ ಉಂಟು. ಆದ್ರೆ ಆ ಬೋರ್ಡಿನ ಕೆಳಗೆ ನಿಂತು ನಗ್ಲಿಕ್ಕೆ ನನಗೆ ಆಗುದಿಲ್ಲ ಮಾರಾಯ್ರೆ. ಆಗುದಿಲ್ಲ ಅಂದ್ರೆ ಆಗುದಿಲ್ಲ."

ಜಯಪಾಲಣ್ಣ ಚಾಪೆಯ ಮೇಲೆ ಕೂತು ಚಹಾ ಕುಡಿದರು. ನಾನು ಪರದೆ ಸರಿಸಿ ಹೊರಗೆ ಬಂದೆ.

ಗುರುವಾರ ಶಾಲೆಯಿಂದ ಬಂದು ಚೀಲ ಮನೆಯಲ್ಲಿ ಬಿಸಾಡಿ ಕೆಳಗಿಳಿದೆ. ಮೀನಿನ ಕೌಂಟರಿನ ಎದುರು ದೀಪ, ಕ್ಯಾಮೆರಾ, ಜನ. ಟೀನಾ ಮೇಡಂ ಎತ್ತರದ ಹೆಂಗಸು, ಕೈಯಲ್ಲಿ ಎರಡು ಫೋನು, ಮಾತೆಲ್ಲ ಇಂಗ್ಲಿಷು. ವಿಕ್ಟರ್ ಹೊಸ ಶರ್ಟು ಹಾಕಿ ಬೆವರುತ್ತಿದ್ದ. ಬೋರ್ಡು ಇನ್ನೂ ದೊಡ್ಡದಾಗಿತ್ತು. ಜಲಜಕ್ಕ ಬಿಳಿ ಟೋಪಿ, ಏಪ್ರನ್ ಹಾಕಿ ಕ್ರೇಟಿನ ಮೇಲೆ ನಿಂತಿದ್ದರು, ಕೈಯಲ್ಲಿ ಮೀನು. ಗಿರಾಕಿಗಳ ಹಿಂದೆ, ಬಿಸ್ಕತ್ತಿನ ಸಾಲಿನ ಪಕ್ಕ, ಜಯಪಾಲಣ್ಣ ನಿಂತಿದ್ದರು. ಪಿಕಪ್ಪನ್ನು ಎಲ್ಲಿ ನಿಲ್ಲಿಸಿ ಬಂದಿದ್ದರೋ.

"ಯಲ್ಲಾ, ಶುರು ಮಾಡಿ ಜಲಜಕ್ಕ," ಎಂದ ವಿಕ್ಟರ್.

ಜಲಜಕ್ಕ ಮೀನು ಎತ್ತಿ ಹಿಡಿದರು. ಎದೆ ತುಂಬ ಗಾಳಿ ತೆಗೆದುಕೊಂಡದ್ದು ನನಗೆ ಕಂಡಿತು.

"ಮಾಫಿ ಬೇಬಿ!" ಎಂದು ಕೂಗಿದರು. ಮಾಫಿ ಎಂದರೆ ಇಲ್ಲಿನ ಅರಬ್ಬಿಯಲ್ಲಿ ಇಲ್ಲ, ಅಲ್ಲ ಎಂದು. ತರಕಾರಿ ಕಡೆ ಇದ್ದವರೂ ತಿರುಗಿ ನೋಡಿದರು. "ಸುನೋ ಸಬ್! ಮಾಫಿ ಬೇಬಿ! ಬಚ್ಚಾ ನಹೀ ಹೈ!"

ಮುಂದಿನದೆಲ್ಲ ಅವರ ಕಲಬೆರಕೆ ಭಾಷೆಯಲ್ಲಿ ಬಂದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮರಿ ಎಂದು ಕೂಗಿದವಳು ನಾನೇ, ನಾನು ಹೇಳಿದ್ದು ತಪ್ಪು. ಇದು ಬೆಳೆದ ಮೀನು, ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡು ಮನೆಗೆ ಹೊರಟದ್ದು. ಸಮುದ್ರ ಬಿಸಿ ಮಾಡಿದವರು ಮನುಷ್ಯರು, ತಟ್ಟೆ ಖಾಲಿ ಮಾಡಿದವರು ಮನುಷ್ಯರು. ತಿನ್ನಲು ಸರಿಯಾಗಿ ಸಿಗದೆ ಅದು ಇಷ್ಟೇ ಆಯಿತು. ತೆಗೆದುಕೊಳ್ಳುವವರು ತೆಗೆದುಕೊಳ್ಳಿ, ಬೇಡದವರು ಬಿಡಿ, ಆದರೆ ಮರಿ ಎಂದು ಮುದ್ದು ಮಾಡಿ ತಿನ್ನಬೇಡಿ.

ವಿಕ್ಟರ್ ಎರಡೂ ಕೈ ಬೀಸಿ ಕ್ಯಾಮೆರಾ ನಿಲ್ಲಿಸಿ ಎಂದ. ಟೀನಾ ಮೇಡಂ ಹುಬ್ಬೇರಿಸಿ ಇಂಗ್ಲಿಷಿನಲ್ಲಿ ಕೇಳಿದರು: ಇಷ್ಟು ಚಿಕ್ಕದು ಬೆಳೆದದ್ದು ಎಂದರೆ ಯಾರು ನಂಬುತ್ತಾರೆ?

ಅಬ್ಬಾಸಾಕ ಮೆಲ್ಲಗೆ ತುಳುವಿನಲ್ಲಿ ಅದರ ಅರ್ಥ ಹೇಳಿದರು. ಜಲಜಕ್ಕ ಮೀನನ್ನು ಐಸಿನ ಮೇಲೆ ಮಲಗಿಸಿದರು. ಆಮೇಲೆ ಕ್ರೇಟಿನಿಂದ ಇಳಿದರು.

ಕೌಂಟರಿನ ಹಿಂದೆ ಅವರು ಮಾಯವಾದರು. ಬಿಳಿ ಟೋಪಿಯ ತುದಿ ಮಾತ್ರ ಹಮೂರ್, ಪಾಂಪ್ಲೆಟ್‌ಗಳ ಆಚೆ ಸಾಗುತ್ತಾ ಬಂತು. ಪಕ್ಕದ ಸಣ್ಣ ಬಾಗಿಲು ತಳ್ಳಿ, ದೊಡ್ಡ ಗಂಬೂಟು ಹಾಕಿಕೊಂಡ ಜಲಜಕ್ಕ ಜನರ ನಡುವೆ ಬಂದು ನಿಂತರು. ಟೀನಾ ಮೇಡಮಿನ ಎದುರಿಗೇ ಹೋಗಿ ನಿಂತರು. ಮೇಡಮಿನ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುತ್ತಿತ್ತು ಜಲಜಕ್ಕನ ತಲೆ. ವರ್ಷಗಳಿಂದ ಅವರ ಕೈಯಿಂದ ಮೀನು ಒಯ್ದವರೆಲ್ಲ ಬಾಯಿ ತೆರೆದು ನೋಡಿದರು. ಯಾರೋ ಒಬ್ಬರು ನಗಲು ಶುರು ಮಾಡಿ ನಿಲ್ಲಿಸಿದರು.

"ನನ್ನನ್ನು ನೋಡಿ," ಎಂದರು ಜಲಜಕ್ಕ. ಈ ಸಲ ಕೂಗಲಿಲ್ಲ. "ಮೈ ಬಚ್ಚಾ ಹೂಂ?"

ಬಿಸ್ಕತ್ತಿನ ಸಾಲಿನಿಂದ ಜಯಪಾಲಣ್ಣ ಮುಂದೆ ಬಂದು ಹೆಂಡತಿಯ ಪಕ್ಕ ನಿಂತರು, ಅಷ್ಟೇ. ಟೀನಾ ಮೇಡಂ ಅವರಿಬ್ಬರನ್ನೂ ನೋಡಿದರು. ಆಮೇಲೆ ವಿಕ್ಟರನನ್ನು ಕರೆದು, ಇದು ನಿಜವಾಗಿಯೂ ಬೆಳೆದ ಮೀನೇ ಎಂದು ಕೇಳಿದರು. ವಿಕ್ಟರ್ ನನ್ನ ಕಡೆ ನೋಡಿದ. ನಾನು ಹೌದು ಎಂದೆ, ಹುರುಪೆಯ ಫೋಟೋ ಬೇಕಾದರೆ ಫೋನಿನಲ್ಲೇ ಇದೆ ಎಂದೆ. ಬೋರ್ಡನ್ನು ಇಳಿಸಿ ಎಂದರು ಟೀನಾ ಮೇಡಂ. ಕ್ಯಾಮೆರಾದವರು ದೀಪ ಆರಿಸಿದರು. ಜಲಜಕ್ಕನಿಗೆ ಒಂದು ಮಾತೂ ಹೇಳದೆ ಮೇಡಂ 'ಟಕ್ ಟಕ್' ಎಂದು ನಡೆದು ಹೋದರು.

ಆಮೇಲಿನ ದಿನಗಳು ಕೆಟ್ಟದಾಗಿದ್ದವು. ಪೇಪರು ವಿಕ್ಟರನ ಮೇಜಿನಲ್ಲೇ ಇತ್ತು. ಜಲಜಕ್ಕ ಸೀರೆಗಳನ್ನು ಮಡಚಿ ಸೂಟ್‌ಕೇಸಿಗೆ ಹಾಕುವುದು, ಜಯಪಾಲಣ್ಣ ಅವನ್ನು ತೆಗೆದು ಮತ್ತೆ ಕಪಾಟಿಗೆ ಹಾಕುವುದು. ಕೊನೆಗೆ ಸೈನ್ ಆಯಿತು, ಇನ್ನು ಮೇಲೆ ಕೇಳದೆ ಕೂಗಬಾರದು ಎಂಬ ಎಚ್ಚರಿಕೆಯ ಜೊತೆಗೆ. ಕಂಪನಿಗೆ ಕರುಣೆ ಬಂತು ಎಂದು ನಾನು ನಂಬುವವಳಲ್ಲ. ಸುಳ್ಳು ಹೆಸರಿನ ಬೋರ್ಡು ಯಾರಾದರೂ ಇನ್‌ಸ್ಪೆಕ್ಟರ್ ಕಣ್ಣಿಗೆ ಬಿದ್ದಿದ್ದರೆ ಎಂಬ ಹೆದರಿಕೆ ಇದ್ದಿರಬೇಕು. ಈ ಹೆಂಗಸನ್ನು ಹೊರಗೆ ಹಾಕಿದರೆ ಹೊರಗೆ ನಿಂತು ಇನ್ನೂ ಜೋರಾಗಿ ಕೂಗುತ್ತಾಳೆ ಎಂದೂ ಹೊಳೆದಿರಬೇಕು. ಕಾರಣ ಏನೇ ಇರಲಿ, ಬಾಗಿಲಿನ ಪರದೆ ಅಲ್ಲೇ ಇದೆ, ನನಗೆ ಅಷ್ಟು ಸಾಕು.

ವಿಕ್ಟರ್ ಹೊಸ ಬೋರ್ಡು ಹಾಕಿದ: ಕಾಡು ಸಾಲ್ಮನ್, ಸಣ್ಣ ಗಾತ್ರ. ಅದನ್ನು ಹಾಕುವ ಮೊದಲು ಜಲಜಕ್ಕನ ಮುಖ ನೋಡಿದನಂತೆ.

"ಸಣ್ಣ ಅಂದ್ರೆ ನನಗೇನೂ ಇಲ್ಲ," ಎಂದರಂತೆ ಅವರು. "ಅದು ನಿಜ ಅಲ್ವಾ."

ನಿನ್ನೆ ಮೀನಿಗೆ ಹೋಗಿದ್ದೆ. ಕೌಂಟರಿನ ಹಿಂದೆ ಯಾರೂ ಕಾಣಲಿಲ್ಲ. ಅವರು ನಿಲ್ಲುತ್ತಿದ್ದ ನೀಲಿ ಕ್ರೇಟು ಕೌಂಟರಿನ ಮೇಲೆ ಇತ್ತು, ಸರಿಯಾಗಿ ಬಾಯಿ ಮೇಲೆ ಮಾಡಿ, ಐಸು ತುಂಬಿ, ಅದರಲ್ಲಿ ಸಾಲ್ಮನ್ ಸಾಲಾಗಿ ಮಲಗಿಸಿದ್ದರು. ಕತ್ತರಿಸುವ ಹಲಗೆ ಕೆಳಗಿನ ಸ್ಟೀಲ್ ಮೇಜಿಗೆ ಇಳಿದಿತ್ತು. ನನ್ನ ಮುಂದಿದ್ದ ಸೂಟು ಹಾಕಿದ ದೊಡ್ಡ ಮನುಷ್ಯ ಅತ್ತಿತ್ತ ನೋಡಿ, ಇಲ್ಲಿ ಯಾರೂ ಇಲ್ಲವೇ ಎಂದು ಜೋರಾಗಿ ಕೇಳಿದ.

"ಇಲ್ಲೇ ಇದ್ದೇನೆ," ಎಂದಿತು ಕೆಳಗಿನಿಂದ ಆ ಗಂಟಲು. "ಸ್ವಲ್ಪ ಬಗ್ಗಿ ನೋಡಿ."

ಅವನು ಬಗ್ಗಿದ.